ಗಿರಿಜಾಘರದಲ್ಲಿ ಗಿರಿಜೆ ಇಲ್ಲ

ಗದಗ ಕಡೆಯ ನಮ್ಮೂರ ಶಾಲೆಯಲ್ಲಿ ಹಿಂದಿ ಕಲಿಯುವಾಗ ಗೋಡೆಗೆ ಒಂದು ಚಿತ್ರಪಟ ತೂಗುಹಾಕಿದ್ದರು. ಮಂದಿರ್, ಮಸ್ಜಿದ್, ಗುರುದ್ವಾರಾ, ಗಿರಜಾಘರ್. ಮೊದಲ ಮೂರು ಸಲೀಸಾಗಿ ತಲೆಗೆ ಹೋದವು. ನಾಲ್ಕನೆಯದಕ್ಕೆ ನಾನು ಸಮಾಸ ಬಿಡಿಸಿಕೊಂಡೆ: ಗಿರಿಜೆಯ ಘರ, ಷಷ್ಠೀ ತತ್ಪುರುಷ. ತುದಿಯಲ್ಲಿ ಶಿಲುಬೆ ಇರುವ ಕಟ್ಟಡ ಪಾರ್ವತಿಯ ಮನೆ ಹೇಗಾಯಿತು ಎಂದು ಕೇಳುವ ಧೈರ್ಯ ಇರಲಿಲ್ಲ. ಗುರುಗಳ ಕೈಯಲ್ಲಿ ಬೆತ್ತ ಇರುತ್ತಿತ್ತು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ, ಗೋವಾದ ಬಸ್ಸಿನಲ್ಲಿ. ವಾಸ್ಕೋ ಹತ್ತಿರ ಬಾಡಿಗೆ ಮನೆ ಹಿಡಿದಿದ್ದೆ. ಮನೆ ಒಡತಿ ಆಂಟಿ ದಾರಿ ಹೇಳುವಾಗ ಎರಡೇ ಶಬ್ದದಲ್ಲಿ ಮುಗಿಸಿದ್ದರು: ‘ಇಗರ್ಜೆಕಡೆನ್ ದೆಂವ್.’ ದೆಂವ್ ಎಂದರೆ ಇಳಿ ಎಂದು ಕೈಸನ್ನೆಯಿಂದಲೇ ಗೊತ್ತಾಯಿತು. ಮೊದಲನೆಯದು ನನ್ನ ಕಿವಿಗೆ ‘ಅರ್ಜಿ ಕಡೆ’ ಎಂದು ಬಿತ್ತು. ಯಾವುದೋ ಸರ್ಕಾರಿ ಆಫೀಸಿನ ನಿಲ್ದಾಣ ಇರಬೇಕೆಂದು ಕಿಟಕಿಯಿಂದ ಬೋರ್ಡು ಹುಡುಕುತ್ತ ಕೂತೆ. ಕಂಡಕ್ಟರ್ ‘ಇಗರ್ಜೆಕಡೆನ್ ಕೋಣ್ ರೇ?’ ಎಂದು ಕೂಗಿ, ಯಾರೂ ಏಳದಿದ್ದಾಗ ಡಬಲ್ ಬೆಲ್ ಹೊಡೆದ. ಬಿಳಿ ಸುಣ್ಣ ಬಳಿದ ದೊಡ್ಡ ಚರ್ಚು ಹಿಂದಕ್ಕೆ ಸರಿಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಚೀಲ ಹೊತ್ತು ವಾಪಸು ನಡೆದೆ.

ಮಂಗಳೂರು, ಕಾರವಾರ ಕಡೆಯವರಿಗೆ ಈ ಫಜೀತಿ ಆಗುತ್ತಿರಲಿಲ್ಲ. ಇಗರ್ಜಿ ಅಲ್ಲಿಯ ಕನ್ನಡದಲ್ಲಿ ಮನೆಮಾತು. ಕೊಂಕಣಿಯಲ್ಲಿ ಇಗರ್ಜ್. ಎರಡೂ ಪೋರ್ಚುಗೀಸರ ‘ಇಗ್ರೇಜ’ದಿಂದ ಬಂದವು. ಅದೇ ಶಬ್ದ ಉತ್ತರಕ್ಕೆ ಹೋಗುತ್ತ ತಲೆಯ ಮೇಲಿನ ‘ಇ’ ಕಳೆದುಕೊಂಡು ಹಿಂದಿ, ಬಂಗಾಳಿಗಳಲ್ಲಿ ಗಿರ್ಜಾ ಆಯಿತು. ಹಡಗು ಹತ್ತಿ ಪೂರ್ವಕ್ಕೆ ಹೋದದ್ದು ಇಂಡೋನೇಷ್ಯಾದಲ್ಲಿ ‘ಗೆರೇಜ’ ಆಗಿ ಕೂತಿದೆ. ಅಂದರೆ ನನ್ನ ಶಾಲೆಯ ಗೋಡೆಯ ಮೇಲಿದ್ದದ್ದು ಗಿರಿಜೆಯಲ್ಲ, ಗೋವಾದ ಇಗರ್ಜಿಯೇ. ಗದಗಿನಿಂದ ವಾಸ್ಕೋಗೆ ಒಂದೇ ರೈಲು, ಆ ಶಬ್ದ ಮಾತ್ರ ದೆಹಲಿ ಸುತ್ತಿಕೊಂಡು ನನ್ನ ಹತ್ತಿರ ಬಂದಿತ್ತು.

ಇಗ್ರೇಜ ಪೋರ್ಚುಗೀಸರ ಸ್ವಂತದ್ದೇನೂ ಅಲ್ಲ. ಲ್ಯಾಟಿನ್ನಿನ ‘ಎಕ್ಲೇಸಿಯಾ’ ಅವರ ಬಾಯಲ್ಲಿ ಸವೆದು ಹಾಗಾಯಿತು. ಸ್ಪೇನಿನವರು ‘ಇಗ್ಲೇಸಿಯಾ’ ಎನ್ನುತ್ತಾರೆ, ಫ್ರೆಂಚರು ‘ಏಗ್ಲೀಸ್’. ಪೋರ್ಚುಗೀಸ್ ನಾಲಗೆಗೆ ಒತ್ತಕ್ಷರದ ‘ಲ’ ಹಿಡಿಸದೆ ‘ರ’ ಆಗುವುದು ರೂಢಿ. ಸ್ಪೇನಿನ ‘ಪ್ಲಾಸಾ’ ಅವರಲ್ಲಿ ‘ಪ್ರಾಸಾ’, ಸಮುದ್ರದ ದಂಡೆಯ ‘ಪ್ಲಾಯಾ’ ‘ಪ್ರಾಯಾ’. ಲ್ಯಾಟಿನ್ನಿನವರೂ ಇದನ್ನು ಗ್ರೀಕಿನಿಂದ ಕಡ ತಂದವರು. ಗ್ರೀಕಿಗೆ ಹೋಗಿ ನಿಂತರೆ ಅಲ್ಲಿ ಗಂಟೆಯೂ ಇಲ್ಲ, ಗೋಪುರವೂ ಇಲ್ಲ, ದೇವರ ಸುದ್ದಿಯೂ ಇಲ್ಲ.

ಯೇಸು ಹುಟ್ಟುವುದಕ್ಕೆ ನಾನೂರು ವರ್ಷ ಮೊದಲೇ ಅಥೆನ್ಸ್ ಊರಲ್ಲಿ ಎಕ್ಲೇಸಿಯಾ ಸೇರುತ್ತಿತ್ತು. ಪ್ನೀಕ್ಸ್ ಎಂಬ ಬೋಳುಗುಡ್ಡದ ಮೇಲೆ, ಬಯಲಲ್ಲಿ. ಊರಿನ ಹಕ್ಕುದಾರ ಗಂಡಸರು ಕೂತು ಯುದ್ಧ ಮಾಡೋಣವೋ ಬೇಡವೋ, ಹಡಗು ಕಟ್ಟಲು ದುಡ್ಡು ಎಲ್ಲಿಂದ, ಯಾರನ್ನಾದರೂ ಗಡೀಪಾರು ಮಾಡಬೇಕೋ ಎಂದು ಕೈಯೆತ್ತಿ ತೀರ್ಮಾನಿಸುತ್ತಿದ್ದರು. ಕೆಲವು ದೊಡ್ಡ ವಿಷಯಗಳಿಗೆ 6,000 ಜನ ಇರಲೇಬೇಕು. ಅಷ್ಟು ಮಂದಿ ತಾವಾಗಿ ಬರುತ್ತಾರೆಯೇ? ಸಂತೆಯಲ್ಲಿ ಹರಟೆ ಹೊಡೆಯುತ್ತ ನಿಂತವರನ್ನು ಕೆಂಪು ಬಣ್ಣ ಅದ್ದಿದ ಹಗ್ಗ ಹಿಡಿದು ಗುಡ್ಡದ ಕಡೆಗೆ ಅಟ್ಟುತ್ತಿದ್ದರಂತೆ. ಅಂಗಿಗೆ ಬಣ್ಣ ಹತ್ತಿದವನಿಗೆ ದಂಡ. ಆಮೇಲಾಮೇಲೆ ಬಂದವರಿಗೆ ಭತ್ಯೆ ಕೊಡುವ ಪದ್ಧತಿಯೂ ಶುರುವಾಯಿತು. ನಮ್ಮ ಗ್ರಾಮಸಭೆಯ ಕೋರಂ ಕಷ್ಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಬ್ದವನ್ನು ಒಡೆದರೆ ‘ಎಕ್’ ಎಂದರೆ ಹೊರಕ್ಕೆ, ‘ಕಲೇಯೋ’ ಎಂದರೆ ಕರೆಯುತ್ತೇನೆ. (ಕಲೇ, ಕರೆ ಎರಡೂ ಒಂದೇ ತರಹ ಕೇಳಿಸುತ್ತವೆ, ಹಾಗಂತ ನೆಂಟಸ್ತಿಕೆ ಕಟ್ಟಬೇಡಿ. ಗಿರಿಜೆಯ ಕಥೆಯೇ ಸಾಕು.) ಡಂಗುರದವನ ಕೂಗಿಗೆ ಮನೆಯಿಂದ ಹೊರಗೆ ಬಂದು ಸೇರಿದ ಮಂದಿ ಎಂಬುದು ಮೂಲ. ಇದನ್ನು ಹಿಡಿದುಕೊಂಡು ಬಹಳ ಪ್ರವಚನಗಳು ನಡೆಯುತ್ತವೆ: ‘ಎಕ್ಲೇಸಿಯಾ ಅಂದರೆ ಲೋಕದಿಂದ ಹೊರಗೆ ಕರೆಯಲ್ಪಟ್ಟವರು’ ಎಂದು. ಕೇಳಲು ಚೆಂದ. ಆದರೆ ಶಬ್ದಗಳು ಹಾಗೆ ಬದುಕುವುದಿಲ್ಲ. ‘ಎಣ್ಣೆ’ಯಲ್ಲಿ ಎಳ್ಳಿದೆ, ಎಳ್ಳಿನ ನೆಯ್ ಎಂಬುದೇ ಸವೆದು ಎಣ್ಣೆ ಆದದ್ದು. ಹಾಗೆಂದು ಕೊಬ್ಬರಿ ಎಣ್ಣೆಯ ಡಬ್ಬಿಯಲ್ಲಿ ಯಾರೂ ಎಳ್ಳು ಹುಡುಕುವುದಿಲ್ಲ. ಸೀಮೆಎಣ್ಣೆಯಲ್ಲಂತೂ ಸಾಧ್ಯವೇ ಇಲ್ಲ. ಯೇಸುವಿನ ಶಿಷ್ಯರ ಕಾಲಕ್ಕೆ ಎಕ್ಲೇಸಿಯಾ ಎಂದರೆ ಗ್ರೀಕ್ ಬಲ್ಲವನಿಗೆ ಬರೀ ‘ಸೇರಿದ ಜನ’. ಯಾರು ಕರೆದರು, ಎಲ್ಲಿಂದ ಹೊರಗೆ ಬಂದರು ಎಂಬುದು ಎಳ್ಳಿನ ಹಾಗೆ ಹಿಂಡಿಹೋಗಿತ್ತು.

ಬೈಬಲ್ಲಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದಲ್ಲಿ ಎಫೆಸ ಊರಿನ ಒಂದು ಗಲಾಟೆ ಬರುತ್ತದೆ. ಪೌಲನ ಬೋಧನೆಯಿಂದ ತಮ್ಮ ಬೆಳ್ಳಿ ಗುಡಿಗಳ ವ್ಯಾಪಾರ ಬಿದ್ದೀತೆಂದು ಅಕ್ಕಸಾಲಿಗರು ಜನರನ್ನು ಎಬ್ಬಿಸುತ್ತಾರೆ. ಊರಿಗೆ ಊರೇ ನಾಟಕಶಾಲೆಗೆ ನುಗ್ಗಿ ಎರಡು ತಾಸು ತಮ್ಮ ದೇವಿಗೆ ಜಯಕಾರ ಹಾಕುತ್ತದೆ. ಹೆಚ್ಚಿನವರಿಗೆ ತಾವು ಯಾಕೆ ಬಂದಿದ್ದೇವೆ ಎಂಬುದೇ ಗೊತ್ತಿರಲಿಲ್ಲ ಎಂದು ಬರೆದವನು ಸೇರಿಸುತ್ತಾನೆ. ನನಗೆ ಇಡೀ ಅಧ್ಯಾಯದಲ್ಲಿ ಇಷ್ಟವಾದ ಸಾಲು ಅದು. ಆ ಗೊಂದಲದ ಗುಂಪಿಗೂ ಮೂಲದಲ್ಲಿ ಇರುವ ಶಬ್ದ ಎಕ್ಲೇಸಿಯಾ. ಪೌಲ ತನ್ನ ಪತ್ರಗಳಲ್ಲಿ ವಿಶ್ವಾಸಿಗಳ ಬಳಗಕ್ಕೆ ಬಳಸಿದ್ದೂ ಅದನ್ನೇ.

ಹಾಗಾದರೆ ಕ್ರೈಸ್ತರು ಊರ ಪಂಚಾಯತಿಯ ಶಬ್ದವನ್ನೇ ಯಾಕೆ ಆರಿಸಿದರು? ಮೊದಲ ಕ್ರೈಸ್ತರು ಯೆಹೂದ್ಯರು. ಅವರ ಹೀಬ್ರೂ ಧರ್ಮಗ್ರಂಥ ಆ ಹೊತ್ತಿಗಾಗಲೇ ಈಜಿಪ್ತಿನ ಅಲೆಕ್ಸಾಂಡ್ರಿಯದಲ್ಲಿ ಗ್ರೀಕಿಗೆ ಬಂದಿತ್ತು. ದೇವರ ಮುಂದೆ ನೆರೆದ ಇಸ್ರಾಯೇಲ್ಯರ ಕೂಟಕ್ಕೆ ಹೀಬ್ರೂವಿನಲ್ಲಿ ‘ಕಾಹಾಲ್’ ಎಂಬ ಮಾತಿದೆ. ಅನುವಾದಕರು ಅದಕ್ಕೆ ಅನೇಕ ಕಡೆ ಎಕ್ಲೇಸಿಯಾ ಎಂದು ಹಾಕಿದ್ದರು. ಹಾಗಾಗಿ ಒಂದೇ ಶಬ್ದ ಗ್ರೀಕನ ಕಿವಿಗೆ ಪೌರಸಭೆ, ಗ್ರೀಕ್ ಬಲ್ಲ ಯೆಹೂದ್ಯನ ಕಿವಿಗೆ ದೇವರ ಮುಂದಿನ ಸಭೆ. ಇನ್ನೊಂದು ಶಬ್ದವೂ ಕೈಯಲ್ಲಿತ್ತು, ಸಿನಗಾಗ್. ಅದಕ್ಕೂ ಕೂಡುವುದು ಎಂದೇ ಅರ್ಥ, ಯಾಕೋಬನ ಪತ್ರದಲ್ಲಿ ಕ್ರೈಸ್ತರ ಕೂಟಕ್ಕೆ ಒಮ್ಮೆ ಅದೂ ಬಳಕೆಯಾಗಿದೆ. ಕೊನೆಗೆ ಅದು ಯೆಹೂದ್ಯರ ಪಾಲಿಗೆ ಉಳಿಯಿತು, ಇದು ಕ್ರೈಸ್ತರ ಪಾಲಿಗೆ ಬಂತು. ನಾಲ್ಕು ಸುವಾರ್ತೆಗಳಲ್ಲಿ ಮಾತ್ರ ಎಕ್ಲೇಸಿಯಾ ಬಲು ಅಪರೂಪ. ಮತ್ತಾಯನಲ್ಲಿ 16ನೇ ಮತ್ತು 18ನೇ ಅಧ್ಯಾಯಗಳಲ್ಲಿ ಬರುತ್ತದೆ, ಉಳಿದ ಮೂವರಲ್ಲಿ ಇಲ್ಲವೇ ಇಲ್ಲ.

ಈ ಎಲ್ಲ ಕಾಲದಲ್ಲಿ ಕಟ್ಟಡ ಎಲ್ಲಿತ್ತು? ಇರಲಿಲ್ಲ. ಯಾರದೋ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದರು. ಪೌಲ ರೋಮಿನವರಿಗೆ ಬರೆಯುತ್ತ ಪ್ರಿಸ್ಕಿಲ್ಲ, ಅಕ್ವಿಲರ ‘ಮನೆಯಲ್ಲಿ ಕೂಡುವ ಸಭೆ’ಗೂ ವಂದನೆ ಹೇಳುತ್ತಾನೆ. ಗಂಡಹೆಂಡತಿ ಡೇರೆ ಮಾಡುವ ಕಸುಬಿನವರು. ಸಿರಿಯಾದ ದುರಾ ಯೂರೋಪಸ್‌ನಲ್ಲಿ 1930ರ ದಶಕದಲ್ಲಿ ಅಗೆದಾಗ ಇಂಥದೊಂದು ಮನೆ ಸಿಕ್ಕಿತು. ಕ್ರಿ.ಶ. 240ರ ಆಸುಪಾಸಿನದು. ಸಾಮಾನ್ಯ ಅಂಗಳದ ಮನೆ, ನಡುವಿನ ಗೋಡೆ ಕೆಡವಿ ಎರಡು ಕೋಣೆ ಒಂದು ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ.

ಇದನ್ನು ನೋಡಲು ಸಿರಿಯಾಕ್ಕೆ ಹೋಗಬೇಕಿಲ್ಲ. ವಾಸ್ಕೋದ ನಮ್ಮ ಓಣಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮಾಳಿಗೆ ಮೇಲೆ ಪ್ರತಿ ಭಾನುವಾರ ಕನ್ನಡ ಪ್ರಾರ್ಥನೆ ನಡೆಯುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಗೌಂಡಿಗಳು, ಬಂದರಿನ ಹಮಾಲರು, ಮನೆಗೆಲಸದ ಹೆಂಗಸರು. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ, ಪಕ್ಕದಲ್ಲಿ ಸಿಮೆಂಟ್ ಹತ್ತಿದ ಒಂದು ಗಮೇಲಾ, ಮೇಲಿಂದ ದಪ್ಪಿನ ಸದ್ದು. ನನಗೆ ಪರಿಚಯದ ಗೌಂಡಿಯೊಬ್ಬ ರೋಣದ ಕಡೆಯವ. ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಸಿಕ್ಕ.

‘ಏನಪಾ, ಚರ್ಚಿಗೆ ಹೊಂಟೇನು?’ ಅಂದೆ.

‘ಚರ್ಚಿಗಲ್ರೀ ಸರ, ಸಭೆಕ್ಕ. ಚರ್ಚ ಅಲ್ಲೈತಿ ನೋಡ್ರಿ,’ ಎಂದು ಗುಡ್ಡದ ಮೇಲಿನ ಬಿಳಿ ಗೋಪುರದ ಕಡೆ ಕೈ ಮಾಡಿದ.

ಅವನಿಗೆ ಗ್ರೀಕ್ ಬರುವುದಿಲ್ಲ. ಬರುವ ಅಗತ್ಯವೂ ಇಲ್ಲ. ಎಕ್ಲೇಸಿಯಾ ಎಂಬುದನ್ನು ನಾನು ಇಷ್ಟು ಪ್ಯಾರಾ ಬರೆದು ವಿವರಿಸುವುದನ್ನು ಅವನು ನಿಂತ ಕಾಲಲ್ಲಿ ಹೇಳಿ ಮೆಟ್ಟಿಲು ಹತ್ತಿದ.

ಅವನು ಕೈ ಮಾಡಿ ತೋರಿಸಿದ ‘ಚರ್ಚು’ ಬೇರೆಯೇ ವಂಶದ್ದು. ಅದಕ್ಕೂ ಎಕ್ಲೇಸಿಯಾಕ್ಕೂ ರಕ್ತಸಂಬಂಧ ಇಲ್ಲ. ಗ್ರೀಕಿನಲ್ಲಿ ‘ಕಿರಿಯೋಸ್’ ಎಂದರೆ ಒಡೆಯ, ಪ್ರಭು. ಒಡೆಯನಿಗೆ ಸೇರಿದ್ದು ‘ಕಿರಿಯಾಕೋನ್’. 313ರಲ್ಲಿ ರೋಮ್ ಸಾಮ್ರಾಜ್ಯ ಕ್ರೈಸ್ತರನ್ನು ಕಾಡುವುದು ಬಿಟ್ಟ ಮೇಲೆ ದೊಡ್ಡ ಪ್ರಾರ್ಥನಾಲಯಗಳು ಎದ್ದವು, ಅಂಥ ಮನೆಗೆ ‘ಒಡೆಯನದು’ ಎಂಬ ಈ ಹೆಸರೂ ನಡೆಯಿತು. ಜರ್ಮನಿಕ್ ಭಾಷೆಯ ಜನ ಅದನ್ನೇ ಎತ್ತಿಕೊಂಡರು. ಜರ್ಮನ್ನಿನಲ್ಲಿ ಕಿರ್ಖೆ, ಸ್ಕಾಟ್ಲೆಂಡಿನಲ್ಲಿ ಕಿರ್ಕ್, ಇಂಗ್ಲಿಷಿನಲ್ಲಿ ಚರ್ಚ್. ನಮಗೆ ಗೊತ್ತಿರುವ ಇದೇ ಬಳ್ಳಿಯ ಇನ್ನೊಂದು ಕಾಯಿ ಕೇರಳದ್ದು: ಕುರಿಯಾಕೋಸ್, ಕುರಿಯನ್ ಎಂಬ ಹೆಸರುಗಳು. ಕಿರಿಯಾಕೋಸ್, ಪ್ರಭುವಿನವನು, ಸಿರಿಯಾಕ್ ಭಾಷೆಯ ದಾರಿಯಾಗಿ ಮಲಯಾಳಕ್ಕೆ ಬಂದದ್ದು. ಅಮುಲ್ ಹಾಲಿನ ಕುರಿಯನ್ ಅವರ ಹೆಸರೂ ಊರ ಚರ್ಚೂ ಒಂದೇ ಬೇರಿನವು ಎಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬಲಿಲ್ಲ.

ಹೀಗೆ ಯೂರೋಪು ಎರಡು ಪಾಲಾಯಿತು. ತೆಂಕಣದವರು ಜನರ ಹೆಸರನ್ನು ಕಟ್ಟಡಕ್ಕೆ ಇಟ್ಟರು. ಬಡಗಣದವರು ಕಟ್ಟಡದ ಹೆಸರನ್ನು ಜನರಿಗೆ ಇಟ್ಟರು. ತೆಂಕಣದ ಶಬ್ದ ಪೋರ್ಚುಗೀಸರ ಜೊತೆ ಗೋವಾಕ್ಕೆ ಇಳಿಯಿತು, ಬಡಗಣದ್ದು ಇಂಗ್ಲಿಷರ ಜೊತೆ ಮುಂಬಯಿಗೆ.

ಮುಂಬಯಿ ಎಂದಾಗ ಚರ್ಚ್‌ಗೇಟ್ ನೆನಪಾಗದೆ ಇರದು. ನನ್ನ ಸೋದರಮಾವ ಕೋಟೆ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲೆಯ ಮೇಲೆ ಕೂತವರು. ‘ಚರ್ಚ್‌ಗೇಟಿನಲ್ಲಿ ಚರ್ಚೂ ಇಲ್ಲ, ಗೇಟೂ ಇಲ್ಲ, ಬರೀ ಜನ’ ಎಂಬುದು ಅವರ ಖಾಯಂ ಜೋಕು. ಇಂಗ್ಲಿಷರ ಕೋಟೆಗೆ ಮೂರು ಬಾಗಿಲು ಇದ್ದವು. ಸೇಂಟ್ ಥಾಮಸ್ ಚರ್ಚಿನ ಕಡೆಗೆ ಹೋಗುವ ಬಾಗಿಲು ಚರ್ಚ್‌ಗೇಟ್. ಚರ್ಚು 1718ರ ಕ್ರಿಸ್ಮಸ್ ದಿನ ತೆರೆದದ್ದು, ಇವತ್ತಿಗೂ ಇದೆ. ಬಾಗಿಲು ಇದ್ದದ್ದು ಈಗಿನ ಫ್ಲೋರಾ ಫೌಂಟನ್ ಹತ್ತಿರ. 1860ರ ದಶಕದಲ್ಲಿ ಕೋಟೆಗೋಡೆಯ ಜೊತೆ ಅದನ್ನೂ ಕೆಡವಿದರು. ಹೆಸರು ಮಾತ್ರ ನಡೆದುಕೊಂಡು ಹೋಗಿ ರೈಲು ನಿಲ್ದಾಣದ ಮೇಲೆ ಕೂತಿತು. ಮಾವನ ಜೋಕಿನಲ್ಲಿ ಎಕ್ಲೇಸಿಯಾದ ಮೂಲಾರ್ಥ ಅಡಗಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಇದು ಬರೀ ಶಬ್ದದ ಆಟವಲ್ಲ, ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. 1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದಾಗ ಎಕ್ಲೇಸಿಯಾ ಬಂದಲ್ಲೆಲ್ಲ ಚರ್ಚ್ ಎನ್ನದೆ ಕಾಂಗ್ರಿಗೇಷನ್ ಎಂದು ಹಾಕಿದ. ಕೂಡಿದ ಜನ ಎಂದರ್ಥ. ಪೋಪರ ಪಕ್ಷದ ಇಂಗ್ಲಿಷ್ ವಿದ್ವಾಂಸ ಥಾಮಸ್ ಮೋರ್‌ಗೆ ಸಿಟ್ಟು ನೆತ್ತಿಗೇರಿತು. ಕಾರಣ ಸ್ಪಷ್ಟ: ‘ಚರ್ಚ್ ಹೇಳುತ್ತದೆ’ ಎಂದರೆ ಬಿಷಪ್ಪರು, ಪೋಪರು ಹೇಳುತ್ತಾರೆ ಎಂದಾಗುತ್ತದೆ, ‘ಕೂಡಿದ ಜನ ಹೇಳುತ್ತಾರೆ’ ಎಂದರೆ ಅಧಿಕಾರ ಯಾರ ಕೈಗೆ ಹೋಯಿತು? ಟಿಂಡೇಲನನ್ನು 1536ರಲ್ಲಿ ಕತ್ತು ಬಿಗಿದು ಸುಟ್ಟರು. ಒಂದು ಶಬ್ದಕ್ಕಾಗಿಯೇ ಕೊಂದರು ಎಂದರೆ ತಪ್ಪಾದೀತು, ಆರೋಪ ಧರ್ಮದ್ರೋಹದ್ದು. ಆದರೆ ಆ ಶಬ್ದದ ಭಯ ಎಷ್ಟಿತ್ತು ಎಂದರೆ, ಮುಂದೆ ದೊರೆ ಜೇಮ್ಸ್ ಬೈಬಲ್ ಅನುವಾದಕ್ಕೆ ಪಂಡಿತರನ್ನು ಕೂಡಿಸಿದಾಗ ಅವರಿಗೆ ಕೊಟ್ಟ ಸೂಚನೆಗಳಲ್ಲೇ ಇದೂ ಇತ್ತು: ಹಳೆಯ ಶಬ್ದಗಳನ್ನೇ ಉಳಿಸಿ, ಚರ್ಚ್ ಎಂಬುದನ್ನು ಕಾಂಗ್ರಿಗೇಷನ್ ಮಾಡಬೇಡಿ. 1611ರ ಇಂಗ್ಲಿಷ್ ಬೈಬಲ್ ಹಾಗೆಯೇ ಬಂತು.

ಈಗ ಕನ್ನಡಕ್ಕೆ ಬನ್ನಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ ಅನುವಾದಕ್ಕೆ ಕೂತವನು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ತಿದ್ದುಪಡಿಗಳು ಬಹಳ ಆದವು. ಗೌಂಡಿಯ ಕಂಕುಳಲ್ಲಿದ್ದ ಬೈಬಲ್ ತೆರೆದರೆ ಮತ್ತಾಯ 16ರಲ್ಲಿ ಯೇಸು ಪೇತ್ರನಿಗೆ ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎನ್ನುತ್ತಾನೆ. ದೊರೆ ಜೇಮ್ಸ್ ಬೇಡವೆಂದದ್ದು ನಮ್ಮಲ್ಲಿ ಸದ್ದಿಲ್ಲದೆ ಕೂತಿದೆ. ಇಂಗ್ಲಿಷಿನಲ್ಲಿ ಆ ವಾಕ್ಯ ಓದಿದವನ ಕಣ್ಣಮುಂದೆ ಕಲ್ಲಿನ ಕಟ್ಟಡ ಏಳುವುದು ಸಹಜ. ಕನ್ನಡದಲ್ಲಿ ಏಳುವುದಿಲ್ಲ, ಯಾಕೆಂದರೆ ನಾವು ಮನೆ ಕಟ್ಟುವ ಹಾಗೆಯೇ ಸಂಘ ಕಟ್ಟುತ್ತೇವೆ, ಪಕ್ಷ ಕಟ್ಟುತ್ತೇವೆ, ನಾಡು ಕಟ್ಟುತ್ತೇವೆ. ‘ಕಟ್ಟು’ ಎಂಬ ಕ್ರಿಯಾಪದಕ್ಕೆ ಇಟ್ಟಿಗೆ ಬೇಕೇ ಬೇಕೆಂದಿಲ್ಲ.

‘ಸಭೆ’ಯ ಹಳೆಯ ಕಥೆ ಇನ್ನೂ ಮಜವಾಗಿದೆ. ಸಂಸ್ಕೃತದ ‘ಸಭಾ’ ಜನಕೂಟವೂ ಹೌದು, ಕೂಟ ಸೇರುವ ಹಜಾರವೂ ಹೌದು. ಮಹಾಭಾರತದ ಸಭಾಪರ್ವಕ್ಕೆ ಆ ಹೆಸರು ಬರುವುದು ಮಯ ಪಾಂಡವರಿಗೆ ಕಟ್ಟಿಕೊಟ್ಟ ಸಭೆಯಿಂದ. ದುರ್ಯೋಧನ ನೆಲವೆಂದು ನೀರಿಗೆ ಬಿದ್ದದ್ದು ಆ ಕಟ್ಟಡದಲ್ಲಿ. ಇವತ್ತಿನ ಕನ್ನಡದಲ್ಲಿ ಸಭೆ ಎಂದರೆ ಕಟ್ಟಡ ನೆನಪಾಗುವುದೇ ಇಲ್ಲ. ಅದಕ್ಕೇ ಸಭಾಭವನ ಎಂದು ಇನ್ನೊಂದು ಶಬ್ದ ಮಾಡಿಕೊಂಡಿದ್ದೇವೆ. ಎಕ್ಲೇಸಿಯಾ ಜನರಿಂದ ಗೋಡೆಗೆ ಹೋಯಿತು, ಸಭೆ ಗೋಡೆ ಬಿಟ್ಟು ಜನರ ಕಡೆಗೆ ಬಂತು.

ಗೋಡೆಗೂ ನಮ್ಮಲ್ಲಿ ಬೇರೆ ಮಾತಿದೆ. ಕನ್ನಡ ಕ್ರೈಸ್ತರು ಕಟ್ಟಡಕ್ಕೆ ದೇವಾಲಯ ಎನ್ನುತ್ತಾರೆ. ಕಿರಿಯಾಕೋನ್‌ಗೆ ಇದಕ್ಕಿಂತ ಹತ್ತಿರದ ಅನುವಾದ ಸಿಗಲಾರದು. ಕಥೋಲಿಕರಿಗೆ ಪೋಪರಿಂದ ಹಳ್ಳಿಯ ಭಕ್ತನವರೆಗಿನ ಇಡೀ ವ್ಯವಸ್ಥೆ ‘ಧರ್ಮಸಭೆ’. ಇಂಗ್ಲಿಷಿನವರು ದೊಡ್ಡಕ್ಷರ ಚಿಕ್ಕಕ್ಷರ ಮಾಡಿ ಒಂದೇ ಚರ್ಚ್‌ನಲ್ಲಿ ತುರುಕುವ ಮೂರು ಅರ್ಥಕ್ಕೆ ನಮ್ಮಲ್ಲಿ ಮೂರು ಶಬ್ದ. ಇಷ್ಟು ಅನುಕೂಲ ಇದ್ದೂ ನಾವು ಪತ್ರಿಕೆಯಲ್ಲಿ ‘ಚರ್ಚ್ ನಿಲುವು’, ‘ಚರ್ಚ್ ಮೇಲಿನ ಹೆಂಚು ಹಾರಿತು’ ಎಂದು ಎಲ್ಲದಕ್ಕೂ ಒಂದೇ ಬರೆಯುತ್ತೇವೆ. ಇದು ನನ್ನ ತಕರಾರು, ಅಷ್ಟೆ.

ಗೋವಾದಲ್ಲಿ ಇಗರ್ಜಿಯ ನೆಂಟರು ಇನ್ನೂ ಇದ್ದಾರೆ. ಒಂದು ಇಗರ್ಜಿಗೆ ಸೇರಿದ ವಠಾರಕ್ಕೆ ‘ಫಿರ್ಗಜ್’ ಎನ್ನುತ್ತಾರೆ, ಪೋರ್ಚುಗೀಸಿನ ‘ಫ್ರೆಗೆಝಿಯಾ’. ಅದರ ಹಿಂದಿನ ಲ್ಯಾಟಿನ್ ‘ಫೀಲಿಯುಸ್ ಎಕ್ಲೇಸಿಯೇ’, ಎಕ್ಲೇಸಿಯಾದ ಮಗ. ಮಗ ಎಷ್ಟು ಸವೆದಿದ್ದಾನೆ ಎಂದರೆ ತಾಯಿಯ ಪಕ್ಕದಲ್ಲಿ ನಿಂತರೂ ಗುರುತು ಸಿಗುವುದಿಲ್ಲ. ಪೋರ್ಚುಗೀಸಿನಲ್ಲಿ ‘ಫ್ರೆಗೇಸ್’ ಎಂದರೆ ಈಗ ಅಂಗಡಿಯ ಗಿರಾಕಿ. ಚಿಕ್ಕ ಪ್ರಾರ್ಥನಾಲಯ ‘ಕೊಪೆಲ್’. ಅದರ ಮೂಲ ಒಂದು ಮೇಲಂಗಿ. ನಾಲ್ಕನೇ ಶತಮಾನದ ಮಾರ್ಟಿನ್ ಎಂಬ ಸೈನಿಕ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿ ಕತ್ತರಿಸಿ ಅರ್ಧ ಕೊಟ್ಟನಂತೆ. ಆಮೇಲೆ ಸಂತನಾದ. ಫ್ರಾಂಕ್ ದೊರೆಗಳು ಅವನ ‘ಕಪೆಲ್ಲ’ವನ್ನು, ಅಂದರೆ ಚಿಕ್ಕ ಮೇಲಂಗಿಯನ್ನು, ಕಾಪಾಡಿಕೊಂಡು ಬಂದರು. ಅದನ್ನಿಟ್ಟ ಜಾಗಕ್ಕೂ ಅದೇ ಹೆಸರಾಯಿತು.

ಊರಿಂದ ದೊಡ್ಡಪ್ಪ ಬಂದಾಗ ಹಳೇಗೋವಾಕ್ಕೆ ಕರೆದುಕೊಂಡು ಹೋಗಿದ್ದೆ. ರಸ್ತೆಯ ಈಚೆ ಬೊಮ್ ಜೇಸು, ಆಚೆ ಸೆ ಕೆಥೆಡ್ರಲ್. ದೊಡ್ಡಪ್ಪ ಎರಡೂ ಬೋರ್ಡು ಓದಿ ನಿಂತ.

‘ಅಲ್ಲೋ ತಮ್ಮಾ, ಅದಕ್ಕ ಬೆಸಿಲಿಕಾ ಅಂದಾರ, ಇದಕ್ಕ ಕೆಥೆಡ್ರಲ್ ಅಂದಾರ. ಎರಡೂ ಚರ್ಚ ಹೌದಲ್ಲೋ?’

ಬೆಸಿಲಿಕಾ ಗ್ರೀಕಿನಲ್ಲಿ ಅರಸನ ಹಜಾರ. ರೋಮಿನಲ್ಲಿ ಕೋರ್ಟು, ವ್ಯಾಪಾರ ನಡೆಯುತ್ತಿದ್ದ ಉದ್ದ ಕಟ್ಟಡ. ಈಗ ಪೋಪ್ ಕೊಡುವ ಮಾನದ ಬಿರುದು, 1605ರಲ್ಲಿ ಪ್ರತಿಷ್ಠೆಯಾದ ಬೊಮ್ ಜೇಸುವಿಗೆ ಅದು ಸಿಕ್ಕಿದ್ದು 1946ರಲ್ಲಿ. ಕೆಥೆಡ್ರಲ್ ಎಂದರೆ ಬಿಷಪ್ಪರ ಕುರ್ಚಿ ಇರುವ ಕಡೆ, ಗ್ರೀಕಿನ ‘ಕಥೆದ್ರ’ ಎಂದರೆ ಆಸನ. ‘ಸೆ’ ಎಂಬ ಪೋರ್ಚುಗೀಸ್ ಮಾತಿಗೂ, ಲ್ಯಾಟಿನ್ನಿನ ದಾರಿಯಾಗಿ, ಆಸನ ಎಂದೇ ಅರ್ಥ. ಅಂದರೆ ಸೆ ಕೆಥೆಡ್ರಲ್ ಎನ್ನುವುದು ‘ನಡುಮಧ್ಯ’ ಎಂದ ಹಾಗೆ. ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಗೋವಾ ಗೆದ್ದದ್ದರಿಂದ ಅದು ಅವಳ ಹೆಸರಿನಲ್ಲಿದೆ. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು.

ನಾನು ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಪ್ಪ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು, ‘ಹಂಗಂದ್ರ ಇದು ಪೀಠ ಅನ್ನು’ ಅಂದ. ಪೀಠ, ಪೀಠಾಧಿಪತಿ. ಮಠಗಳ ನಾಡಿನವನಿಗೆ ಅದು ಒಂದೇ ಮಾತು.

ಆಂಟಿ ಮಾತ್ರ ಎಂದೂ ‘ಇಗರ್ಜಿಗೆ ಹೋಗುತ್ತೇನೆ’ ಎಂದು ಹೇಳಿದ್ದು ನಾನು ಕೇಳಿಲ್ಲ. ಅವರು ಹೇಳುವುದು ‘ಮಿಸಾಕ್ ವೆತಾಂ’. ಮೀಸ್ ಎಂದರೆ ಬಲಿಪೂಜೆ, ಪೋರ್ಚುಗೀಸಿನ ‘ಮಿಸ್ಸಾ’, ಇಂಗ್ಲಿಷಿನ ಮಾಸ್. ಅದೂ ವಿಚಿತ್ರ ಶಬ್ದವೇ. ಲ್ಯಾಟಿನ್ ಪೂಜೆಯ ಕೊನೆಗೆ ಪಾದ್ರಿಗಳು ‘ಈತೆ, ಮಿಸ್ಸಾ ಎಸ್ತ್’ ಎನ್ನುತ್ತಿದ್ದರು. ಹೋಗಿರಿ, ಬೀಳ್ಕೊಡುಗೆ ಆಯಿತು ಎಂದು ತಾತ್ಪರ್ಯ. ಕಳಿಸಿಕೊಡುವ ಆ ಮಾತೇ ಇಡೀ ಪೂಜೆಗೆ ಹೆಸರಾಯಿತು. ಸೇರುವುದಕ್ಕೆ ‘ಕರೆ’ಯಿಂದ ಹೆಸರು, ಸೇರಿ ಮಾಡುವುದಕ್ಕೆ ‘ಹೋಗಿ’ ಎಂಬುದರಿಂದ ಹೆಸರು. ಭಾನುವಾರ ಏಳೂವರೆಗೆ ಆಂಟಿ ಮೀಸ್ ಮುಗಿಸಿ, ಪಾವು ಮಾರುವ ಪೊದೇರನ ಸೈಕಲ್ ನಿಲ್ಲಿಸಿ ಬಿಸಿ ಪಾವು ತೆಗೆದುಕೊಂಡು ಗೇಟು ತೆರೆಯುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಮೇಲೆ ಆ ಹೊತ್ತಿಗೆ ಚಾಪೆ ಹಾಸುತ್ತಿರುತ್ತಾರೆ.